ನೀರೊಳ್ಳೆ ಕಲಿಸಿದ ಪಾಠ: ಅಪರೂಪದ ನೀರುಹಾವನ್ನು ಹುಡುಕೋದು ಹೇಗೆ, ಉಳಿಸೋದು ಹೇಗೆ?

ಮೊದಲೇ ಒಂದು ತಪ್ಪೊಪ್ಪಿಗೆ. ಹೋದ ಮಳೆಗಾಲದಲ್ಲಿ ನಮ್ಮ ಹಾಸ್ಟೆಲ್ ಹಿಂದಿನ ಚರಂಡಿಯಲ್ಲಿ ಒಂದು ಹಾವು ಕಾಣಿಸಿಕೊಂಡಿತು. ಸಂಜೆ ಏಳು ಗಂಟೆ, ಕರೆಂಟ್ ಇಲ್ಲ, ಎಲ್ಲರ ಕೈಯಲ್ಲೂ ಮೊಬೈಲ್ ಟಾರ್ಚ್. ಹಾವು ಕುತ್ತಿಗೆ ಅಗಲ ಮಾಡಿ ತಲೆ ಎತ್ತಿತು. "ನಾಗರ! ನಾಗರ!" ಅಂತ ಯಾರೋ ಕೂಗಿದರು. ಐದು ನಿಮಿಷದಲ್ಲಿ ಎಲ್ಲ ಮುಗಿದುಹೋಯ್ತು. ಕೋಲು ಹಿಡಿದವರು ನಾವಲ್ಲ. ಆದರೆ ಟಾರ್ಚ್ ಹಿಡಿದವರು ನಾವೇ.

ನಾವು ಅಂದರೆ ಒಂದೇ ರೂಮಿನ ನಾಲ್ಕು ಜನ. ಒಬ್ಬ ಚಿತ್ರದುರ್ಗದವನು, ಒಬ್ಬ ಹಿರಿಯೂರು, ಒಬ್ಬ ಹೊಸದುರ್ಗ, ಇನ್ನೊಬ್ಬ ಹೊಳಲ್ಕೆರೆ. ಆ ರಾತ್ರಿ ಹೊಳಲ್ಕೆರೆಯವನು ಸತ್ತ ಹಾವಿನ ಫೋಟೋವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಬೆಳಿಗ್ಗೆ ಅವನ ಅಜ್ಜ ಫೋನ್ ಮಾಡಿದರು. ಸ್ಪೀಕರ್ ಆನ್ ಇತ್ತು, ಎಲ್ಲರಿಗೂ ಕೇಳಿಸಿತು: "ಲೋ ಮಗಾ, ಅದು ನೀರೊಳ್ಳೆ ಕಣ್ಲಾ. ಕೆರೆ ಏರಿ ಮೇಲೆ ದಿನಾ ನೋಡ್ತಿದ್ವಿ. ಅದ್ರಾಗೆ ವಿಷ ಎಲ್ಲೈತೆ? ಯಾಕ್ ಹೊಡೆದ್ರಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾ ನೋಡಿ ಅನಕೊಂಡಾ ಗೊತ್ತು, ಡಿಸ್ಕವರಿ ಚಾನೆಲ್ ನೋಡಿ ಬ್ಲ್ಯಾಕ್ ಮಾಂಬಾ ಗೊತ್ತು. ನಾಲ್ಕೂ ಊರಿನ ಕೆರೆಗಳಲ್ಲಿ ಇರೋ ಹಾವಿನ ಹೆಸರು ಮಾತ್ರ ಗೊತ್ತಿಲ್ಲ. ಅವತ್ತಿನಿಂದ ಓದೋಕೆ ಶುರು ಮಾಡಿದ್ವಿ. ಓದ್ತಾ ಓದ್ತಾ ನೀರೊಳ್ಳೆಯಿಂದ ಹೊರಟು ಕರ್ನಾಟಕದ ಒಂದು ಅಪರೂಪದ ನೀರುಹಾವಿನ ತನಕ ಹೋದ್ವಿ. ಈ ಲೇಖನ ಆ ಓದಿನ ಸಾರ. ಒಂದೇ ಮಾತಲ್ಲಿ ಹೇಳೋದಾದರೆ: ಗುರುತು ಹಿಡಿಯೋಕೆ ಬರದ ಜೀವಿಯನ್ನು ಉಳಿಸೋಕೂ ಬರಲ್ಲ.

ನಮ್ಮ ಕೆರೆಯ ಹಾವು ಯಾವುದು?

ಮೊದಲು ನೀರೊಳ್ಳೆ. ಇಂಗ್ಲಿಷಿನಲ್ಲಿ ಚೆಕರ್ಡ್ ಕೀಲ್‌ಬ್ಯಾಕ್, ವೈಜ್ಞಾನಿಕ ಹೆಸರು ಫೌಲಿಯಾ ಪಿಸ್ಕೇಟರ್. ಹಳೇ ಪುಸ್ತಕಗಳಲ್ಲಿ ಇದೇ ಹಾವು ಝೀನೋಕ್ರೋಫಿಸ್ ಪಿಸ್ಕೇಟರ್ ಅಂತ ಇರುತ್ತೆ, ಗೊಂದಲ ಬೇಡ. ಪಿಸ್ಕೇಟರ್ ಅಂದರೆ ಲ್ಯಾಟಿನ್‌ನಲ್ಲಿ ಮೀನುಗಾರ. ಹೆಸರಿಗೆ ತಕ್ಕ ಹಾಗೆ ಮೀನು, ಕಪ್ಪೆ ಇದರ ಊಟ. ಕೆರೆ, ಹಳ್ಳ, ಗದ್ದೆ, ನಮ್ಮ ಹಾಸ್ಟೆಲ್ ಚರಂಡಿ, ಎಲ್ಲ ಕಡೆ ಬದುಕುತ್ತೆ. ಮೈಮೇಲೆ ಚೆಸ್ ಬೋರ್ಡಿನ ಥರ ಕಪ್ಪು ಚೌಕಳಿ. ಕಣ್ಣಿನ ಕೆಳಗಿಂದ ಮತ್ತು ಹಿಂದಿನಿಂದ ಓರೆಯಾಗಿ ಇಳಿಯೋ ಎರಡು ಕಪ್ಪು ಗೆರೆ. ಈ ಗೆರೆಗಳೇ ದೊಡ್ಡ ಗುರುತು.

ಇದರ ದುರದೃಷ್ಟ ಅಂದರೆ ಇದರ ನಾಟಕ. ಹೆದರಿದಾಗ ಮುಂದಿನ ಮೈ ಎತ್ತಿ ಕುತ್ತಿಗೆ ಚಪ್ಪಟೆ ಮಾಡುತ್ತೆ, ದೂರದಿಂದ ಹೆಡೆ ಬಿಚ್ಚಿದ ಹಾಗೆ ಕಾಣುತ್ತೆ. ಹಿಡಿಯೋಕೆ ಹೋದರೆ ಜೋರಾಗಿ ಕಚ್ಚುತ್ತೆ, ರಕ್ತನೂ ಬರುತ್ತೆ, ಆದರೆ ವಿಷ ಇಲ್ಲ. ಶತ್ರುವನ್ನು ಹೆದರಿಸೋಕೆ ಕಲಿತ ಆ್ಯಕ್ಟಿಂಗ್ ಇದು. ಹದ್ದು, ಮುಂಗುಸಿ ಎದುರು ಒಂದೊಂದು ಸಲ ಜೀವ ಉಳಿಸುತ್ತೋ ಏನೋ, ಮನುಷ್ಯನ ಎದುರು ಅದೇ ಆ್ಯಕ್ಟಿಂಗ್ ಜೀವ ತೆಗೆಯುತ್ತೆ. ಮೈಮೇಲಿನ ಕಲೆ ನೋಡಿ ಕೊಳಕುಮಂಡಲ ಅಂದುಕೊಂಡು ಹೊಡೆಯೋದೂ ಇದೆ. ಕೊಳಕುಮಂಡಲದ ಮೈಮೇಲೆ ಸರಪಳಿ ಥರ ಜೋಡಿಸಿದ ಮೊಟ್ಟೆಯಾಕಾರದ ಕಂದು ಕಲೆಗಳಿರುತ್ತವೆ, ತಲೆ ತ್ರಿಕೋನ, ಮೈ ದಪ್ಪ, ಪ್ರೆಶರ್ ಕುಕ್ಕರ್ ಥರ ಬುಸುಗುಡುತ್ತೆ.

ನೀರುಹಾವುಗಳಲ್ಲಿ ಇನ್ನೊಂದಿದೆ, ಆಲಿವ್ ಕೀಲ್‌ಬ್ಯಾಕ್, ವೈಜ್ಞಾನಿಕ ಹೆಸರು ಅಟ್ರೇಶಿಯಂ ಸ್ಕಿಸ್ಟೋಸಮ್. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಾವು. ಬೆನ್ನು ಪಾಚಿಹಸಿರು, ಹೊಟ್ಟೆ ಹಳದಿ, ಕಲೆ ಗಿಲೆ ಇಲ್ಲ. ಮೂಗಿನ ಹೊಳ್ಳೆ ಸ್ವಲ್ಪ ಮೇಲ್ಮುಖವಾಗಿರುತ್ತೆ. ಮೈಯೆಲ್ಲ ನೀರಲ್ಲಿ ಮುಳುಗಿಸಿ ಮೂಗಿನ ತುದಿ ಮಾತ್ರ ಹೊರಗಿಟ್ಟು ಉಸಿರಾಡೋಕೆ ಅನುಕೂಲ. ಸ್ವಭಾವ ತುಂಬಾ ಸಾಧು. ಇದಕ್ಕೂ ವಿಷ ಇಲ್ಲ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಮೂರನೇ ಥರದ್ದೂ ಇದೆ, ನಾಯಿಮೂತಿಯ ನೀರುಹಾವು. ಅದು ಕೆಸರಿನಲ್ಲಿ, ಉಪ್ಪು ಬೆರೆತ ನೀರಲ್ಲಿ ಬದುಕೋದು. ಬಯಲುಸೀಮೆಗೆ ಅದರ ಸಂಬಂಧ ಇಲ್ಲ.

ಕೀಲ್‌ಬ್ಯಾಕ್ ಅನ್ನೋ ಹೆಸರು ಯಾಕೆ? ಬೆನ್ನಿನ ಒಂದೊಂದು ಹುರುಪೆಯ ಮಧ್ಯದಲ್ಲೂ ದೋಣಿಯ ತಳದ ಹಾಗೆ ಸಣ್ಣ ಏಣು ಇರುತ್ತೆ, ಅದಕ್ಕೆ. ಮುಟ್ಟಿದರೆ ಕೇರೆಹಾವಿನ ಹಾಗೆ ನುಣುಪಾಗಿರಲ್ಲ, ಒರಟು. ಮುಟ್ಟಿ ನೋಡಿ ಅಂತ ನಾವು ಹೇಳ್ತಿಲ್ಲ!

ಅಪರೂಪದ ಹಾವಿಗೆ 154 ವರ್ಷ ತಡವಾಗಿ ಬಂದ ಹೆಸರು

ನೀರೊಳ್ಳೆ ಅಪರೂಪದ ಹಾವಲ್ಲ. ಹಾಗಾದರೆ ಸಿಹಿನೀರಿನ ಅಪರೂಪದ ಹಾವು ನಮ್ಮ ರಾಜ್ಯದಲ್ಲಿ ಯಾವುದಿದೆ? ಅದಕ್ಕೆ ಬಯಲುಸೀಮೆ ಬಿಟ್ಟು ಪಶ್ಚಿಮಕ್ಕೆ, ಘಟ್ಟದ ಕಡೆ ಹೋಗಬೇಕು.

1863ರಲ್ಲಿ ಬೆಡೋಮ್ ಅನ್ನೋ ಬ್ರಿಟಿಷ್ ಅಧಿಕಾರಿ ವಯನಾಡಿನ ಮಾನಂತವಾಡಿಯಿಂದ ಒಂದು ಪಾಚಿಹಸಿರು ಹಾವನ್ನು ವಿವರಿಸಿದರು. ಈಗ ಅದರ ಹೆಸರು ರಾಬ್ಡಾಪ್ಸ್ ಒಲಿವೇಸಿಯಸ್. ಅಲ್ಲಿಂದ ಉತ್ತರಕ್ಕೆ ಗೋವಾ, ದಕ್ಷಿಣ ಮಹಾರಾಷ್ಟ್ರ, ಉತ್ತರ ಕರ್ನಾಟಕದ ಘಟ್ಟಗಳಲ್ಲೂ ಹೆಚ್ಚುಕಡಿಮೆ ಅದೇ ಥರದ ಹಾವು ಸಿಗ್ತಾ ಇತ್ತು. ಬಣ್ಣ, ಚುಕ್ಕೆ ಸ್ವಲ್ಪ ಬೇರೆ. "ಅದೇ ಹಾವು, ಬಣ್ಣ ಮಾತ್ರ ಬೇರೆ" ಅಂತ ಎಲ್ಲರೂ ಅಂದುಕೊಂಡಿದ್ದರು.

ವರದ್ ಗಿರಿ, ವಿ. ದೀಪಕ್, ಅಶೋಕ್ ಕ್ಯಾಪ್ಟನ್, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಡೇವಿಡ್ ಗೋವರ್ ಮತ್ತಿತರರ ತಂಡಕ್ಕೆ ಅನುಮಾನ ಬಂತು. ಗಿರಿ ಆಗ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿದ್ದರು. ಅವರು ಮಾಡಿದ ಕೆಲಸ ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಡಿಬಗ್ಗಿಂಗ್. ಮ್ಯೂಸಿಯಂಗಳಲ್ಲಿ ಬಾಟಲಿಯೊಳಗೆ ಇಟ್ಟಿದ್ದ ಹಳೇ ಮಾದರಿಗಳು, ಕಾಡಿನಲ್ಲಿ ಸಿಕ್ಕ ಹೊಸ ಹಾವುಗಳು, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಹಾವಿನ ಹೊಟ್ಟೆಯ ಅಗಲ ಹುರುಪೆ ಎಷ್ಟು, ಬಾಲದ ಕೆಳಗೆ ಎಷ್ಟು, ಮೈಸುತ್ತ ಎಷ್ಟು ಸಾಲು, ತಲೆಯ ಮೇಲಿನ ಫಲಕಗಳು ಹೇಗೆ ಜೋಡಿಸಿವೆ, ಹಾವಿನ ಶಾಸ್ತ್ರದಲ್ಲಿ ಇದೆಲ್ಲ ಬೆರಳಚ್ಚು ಇದ್ದ ಹಾಗೆ. ಇದರ ಜೊತೆಗೆ ಡಿಎನ್‌ಎ ಹೋಲಿಕೆ. ಎರಡೂ ದಾರಿಯಲ್ಲಿ ಉತ್ತರ ಒಂದೇ ಬಂತು: ಇದು ಬೇರೆ ಪ್ರಭೇದ.

2017ರಲ್ಲಿ ಝೂಟಾಕ್ಸಾ ಅನ್ನೋ ಜರ್ನಲ್‌ನಲ್ಲಿ ಅದಕ್ಕೆ ಹೆಸರು ಸಿಕ್ಕಿತು, ರಾಬ್ಡಾಪ್ಸ್ ಅಕ್ವಾಟಿಕಸ್. ನೀರನ್ನು ಇಷ್ಟಪಡೋ ಹಾವು ಅನ್ನೋ ಅರ್ಥದಲ್ಲಿ. ದೊಡ್ಡ ಹಾವುಗಳು ಹೆಚ್ಚಾಗಿ ಕಾಡಿನ ತೊರೆಗಳ ಹತ್ತಿರ ಕಾಣುತ್ತವೆ, ಮರಿಗಳು ಬೆಟ್ಟದ ಮೇಲಿನ ಕಲ್ಲುಹಾಸಿನ ಬಯಲುಗಳಲ್ಲಿ ಮಳೆನೀರು ನಿಂತ ಜಾಗಗಳಲ್ಲಿ. ಓಡಾಟ ಬಹುತೇಕ ರಾತ್ರಿ. ವಿಷ ಇಲ್ಲ. 2019ರಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು. ಇದೇ ರಾಬ್ಡಾಪ್ಸ್ ಕುಲಕ್ಕೆ ಸೇರಿಸಿದ್ದ ಈಶಾನ್ಯ ಭಾರತದ ಹಾವು ನಿಜವಾಗಿ ಬೇರೆ ಕುಲದ್ದು, ಅದಕ್ಕೆ ಸ್ಮಿತೋಫಿಸ್ ಅಂತ ಹೊಸ ಕುಲದ ಹೆಸರು ಬಂತು. ಅಲ್ಲಿಗೆ ರಾಬ್ಡಾಪ್ಸ್ ಅನ್ನೋ ಇಡೀ ಕುಲ ಪಶ್ಚಿಮ ಘಟ್ಟದ್ದು ಮಾತ್ರ ಅಂತಾಯ್ತು.

"ಹೆಸರು ಬದಲಾದರೆ ಹಾವಿಗೇನು?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ಹಾವಿಗೆ ಏನೂ ಇಲ್ಲ, ನಮಗೆ ತುಂಬಾ ಇದೆ. ಒಂದೇ ಹಾವು ವಯನಾಡಿನಿಂದ ಮಹಾರಾಷ್ಟ್ರದವರೆಗೆ ಇದೆ ಅಂದುಕೊಂಡರೆ ಒಂದು ಕಡೆ ಹಾಳಾದರೂ ಇನ್ನೊಂದು ಕಡೆ ಇದೆಯಲ್ಲ ಅನ್ನೋ ಸಮಾಧಾನ. ಎರಡು ಬೇರೆ ಅಂತ ಗೊತ್ತಾದ ತಕ್ಷಣ ಪ್ರತಿಯೊಂದರ ಜಾಗವೂ ಚಿಕ್ಕದಾಗುತ್ತೆ. ಕಲ್ಲುಹಾಸಿನ ಬಯಲು ನಕ್ಷೆಯಲ್ಲಿ ಬರೀ ಬಂಜರು ಭೂಮಿಯ ಹಾಗೆ ಕಾಣುತ್ತೆ. ಅಲ್ಲಿ ಗಣಿ ಮಾಡಬಹುದು, ರೆಸಾರ್ಟ್ ಕಟ್ಟಬಹುದು, ಗಾಳಿಯಂತ್ರ ನಿಲ್ಲಿಸಬಹುದು. ಮಳೆಗಾಲದ ನಾಲ್ಕು ತಿಂಗಳು ಅದು ಒಂದು ಹಾವಿನ ಮರಿಗಳ ಅಂಗನವಾಡಿ ಅಂತ ಗೊತ್ತಾಗೋಕೆ ಮೊದಲು ಆ ಹಾವಿಗೆ ಹೆಸರು ಬೇಕಿತ್ತು.

ನೀರಿನೊಳಗಿನ ಎಂಜಿನಿಯರಿಂಗ್

ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸ್ ಬರೆದವರಿಗೆ ಈ ಭಾಗ ಇಷ್ಟ ಆಗಬಹುದು. ನೆಲದ ಹಾವು ಗಾಳಿಯಲ್ಲಿ ತಲೆ ಚಿಮ್ಮಿಸಿ ಬೇಟೆ ಹಿಡಿಯುತ್ತೆ. ನೀರಿನಲ್ಲಿ ಅದೇ ಕೆಲಸ ಮಾಡೋಕೆ ಎರಡು ಅಡ್ಡಿ. ಒಂದು, ಎಳೆತ. ಅದೇ ಡ್ರ್ಯಾಗ್. ಇನ್ನೊಂದು, ಆ್ಯಡೆಡ್ ಮಾಸ್. ನೀರಲ್ಲಿ ಒಂದು ವಸ್ತುವಿನ ವೇಗ ಹೆಚ್ಚಿಸಬೇಕಾದರೆ ಅದರ ಸುತ್ತಲಿನ ನೀರನ್ನೂ ಜೊತೆಗೆ ದೂಡಬೇಕು, ವಸ್ತುವಿನ ತೂಕವೇ ಹೆಚ್ಚಾದ ಹಾಗೆ. ಗೋಳ ಆದರೆ ಅದು ಜರುಗಿಸಿದ ನೀರಿನ ಅರ್ಧದಷ್ಟು ದ್ರವ್ಯರಾಶಿ ಹೆಚ್ಚುವರಿ ಸೇರುತ್ತೆ. ಅದೂ ಸಾಲದು ಅಂತ ತಲೆ ಮುಂದೆ ನುಗ್ಗಿದಾಗ ಅದರ ಮುಂದಿನ ನೀರು ಅಲೆಯಾಗಿ ಹೋಗಿ ಮೀನಿಗೆ ಎಚ್ಚರಿಕೆ ಕೊಡುತ್ತೆ.

ಮರಿಯನ್ ಸೆಗಾಲ್ ಮತ್ತು ಅವರ ಸಹೋದ್ಯೋಗಿಗಳು ನೀರಲ್ಲಿ ಬೇಟೆಯಾಡೋ ಮತ್ತು ಆಡದ ಹಾವುಗಳ ತಲೆಯ ಆಕಾರ ಹೋಲಿಸಿದರು. ಮಾದರಿ ತಲೆಗಳನ್ನು ತ್ರೀಡಿ ಪ್ರಿಂಟ್ ಮಾಡಿ, ನೀರಿನ ತೊಟ್ಟಿಯಲ್ಲಿ ಚಿಮ್ಮಿಸಿ, ಸೆನ್ಸರ್ ಇಟ್ಟು ಬಲ ಅಳೆದರು. ನೀರಿನ ಬೇಟೆಗಾರರ ತಲೆಯ ಆಕಾರಕ್ಕೆ ನೀರಿನ ಅಡ್ಡಿ ಕಡಿಮೆ ಅಂತ ಕಂಡುಬಂತು.

ಇನ್ನೊಂದು ಹಾವಿನ ಕಥೆ ಕೇಳಿದರೆ ನಂಬೋಕೆ ಆಗಲ್ಲ. ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಕಡೆಯ ಸಿಹಿನೀರಲ್ಲಿ ಮೂತಿಯ ಮೇಲೆ ಎರಡು ಕೋಡಿನಂಥ ಎಳೆ ಇರೋ ಹಾವೊಂದಿದೆ, ಟೆಂಟಕಲ್ಡ್ ಸ್ನೇಕ್. ಅಲ್ಲಾಡದೆ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಬಾಗಿ ನಿಂತಿರುತ್ತೆ. ಮೀನುಗಳಿಗೆ ಒಂದು ರಿಫ್ಲೆಕ್ಸ್ ಇದೆ, ಸದ್ದು ಬಂದ ದಿಕ್ಕಿನಿಂದ ವಿರುದ್ಧಕ್ಕೆ ಮೈ ತಿರುಗಿಸಿ ಓಡೋದು. ಮೀನು ಹಾವಿನ ತಲೆ ಮತ್ತು ಮೈ ಮಧ್ಯೆ ಬಂದಾಗ ಹಾವು ಮೊದಲು ತಲೆಯಿಂದಲ್ಲ, ಮೈಯಿಂದ ಸಣ್ಣದಾಗಿ ಕದಲುತ್ತೆ. ಮೀನು ಆ ಕಡೆಯಿಂದ ತಪ್ಪಿಸಿಕೊಳ್ಳೋಕೆ ತಿರುಗಿ ನೇರ ಹಾವಿನ ಬಾಯಿಯ ಕಡೆಗೇ ಓಡುತ್ತೆ. ಕೆನೆತ್ ಕಟಾನಿಯಾ ಅನ್ನೋ ಅಮೆರಿಕದ ವಿಜ್ಞಾನಿ ಹೈಸ್ಪೀಡ್ ಕ್ಯಾಮೆರಾದಲ್ಲಿ ಇದನ್ನು ಹಿಡಿದು 2009ರಲ್ಲಿ ಪ್ರಕಟಿಸಿದರು. ಮೀನಿನ ಎಮರ್ಜೆನ್ಸಿ ಸಿಸ್ಟಮ್ಮನ್ನೇ ಹ್ಯಾಕ್ ಮಾಡೋ ಹಾವು! ನಮ್ಮ ಘಟ್ಟದ ರಾಬ್ಡಾಪ್ಸ್ ಬಗ್ಗೆ ಇಂಥ ಪ್ರಶ್ನೆಗಳನ್ನು ಕೇಳೋಕೆ ಮೊದಲು ಅದು ಉಳಿದಿರಬೇಕು.

ಕಾಣದ ಹಾವನ್ನು ಎಣಿಸೋದು ಹೇಗೆ?

ಹುಲಿ ಎಣಿಸೋಕೆ ಕ್ಯಾಮೆರಾ ಟ್ರ್ಯಾಪ್ ಇದೆ. ಹಾವಿನ ವಿಷಯದಲ್ಲಿ ಅದು ಅಷ್ಟು ಸುಲಭ ಅಲ್ಲ. ಶೀತರಕ್ತದ ಪ್ರಾಣಿ, ಚಿಕ್ಕದು, ನೀರೊಳಗೆ, ಅದೂ ರಾತ್ರಿ. ಆದ್ದರಿಂದ ಇಲ್ಲಿ ಮೊದಲ ಪಾಠ, ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ.

ಲೆಕ್ಕ ಮಾಡಿ ನೋಡೋಣ. ಒಂದು ಕೆರೆಯಲ್ಲಿ ಹಾವು ಇದೆ ಅಂದುಕೊಳ್ಳಿ. ಒಂದು ಸಲ ಹೋದರೆ ಕಾಣೋ ಸಂಭವ 0.2. ಕಾಣದೇ ಇರೋ ಸಂಭವ 0.8. ಐದು ಸಲ ಹೋದರೂ ಒಮ್ಮೆಯೂ ಕಾಣದೇ ಇರೋ ಸಂಭವ 0.8ರ ಐದನೇ ಘಾತ, ಅಂದರೆ ಸುಮಾರು 0.33. ಐದು ರಾತ್ರಿ ನಿದ್ದೆಗೆಟ್ಟರೂ ಮೂರರಲ್ಲಿ ಒಂದು ಸಲ "ಇಲ್ಲಿ ಹಾವಿಲ್ಲ" ಅಂತ ತಪ್ಪು ವರದಿ ಬರೀತೀವಿ. ಆ ತಪ್ಪು ಶೇ 5ಕ್ಕಿಂತ ಕಡಿಮೆ ಆಗಬೇಕಾದರೆ 14 ಸಲ ಹೋಗಬೇಕು. ಒಂದು ಮಧ್ಯಾಹ್ನ ಕಾರಲ್ಲಿ ಹೋಗಿ "ಸರ್ವೆ ಮುಗೀತು" ಅಂದರೆ ಅಪರೂಪದ ಜೀವಿ ವರದಿಯಲ್ಲಿ ಬರೋದೇ ಇಲ್ಲ.

ಎರಡನೇದು, ಹಿಡಿದು ಗುರುತು ಹಾಕಿ ಬಿಡೋ ವಿಧಾನ. ಮೊದಲ ಸಲ 20 ಹಾವು ಹಿಡಿದು ಗುರುತು ಮಾಡಿ ಬಿಟ್ಟಿರಿ ಅಂದುಕೊಳ್ಳಿ. ಸ್ವಲ್ಪ ದಿನ ಬಿಟ್ಟು ಮತ್ತೆ 25 ಹಿಡಿದಿರಿ, ಅದರಲ್ಲಿ 5ಕ್ಕೆ ಹಳೇ ಗುರುತು ಇದೆ. ಅಂದರೆ ಐದರಲ್ಲಿ ಒಂದಕ್ಕೆ ಗುರುತು ಇದೆ. ಗುರುತಿನವು ಒಟ್ಟು 20 ಆದ್ದರಿಂದ ಒಟ್ಟು ಹಾವು ಅಂದಾಜು 100. ಗುರುತು ಹೇಗೆ ಹಾಕ್ತಾರೆ? ಹೊಟ್ಟೆಯ ಹುರುಪೆಯ ಅಂಚನ್ನು ಒಂದು ಕ್ರಮದಲ್ಲಿ ಸ್ವಲ್ಪ ಕತ್ತರಿಸೋದು ಹಳೇ ವಿಧಾನ. ಈಗ ಅಕ್ಕಿಕಾಳಿನ ಗಾತ್ರದ ಪಿಐಟಿ ಟ್ಯಾಗ್ ಅನ್ನು ಚರ್ಮದ ಕೆಳಗೆ ಇಡ್ತಾರೆ. ಅದಕ್ಕೆ ಬ್ಯಾಟರಿ ಬೇಡ. ರೀಡರ್ ಹತ್ತಿರ ತಂದಾಗ ಅದರ ಕ್ಷೇತ್ರದಿಂದಲೇ ಪವರ್ ತಗೊಂಡು ತನ್ನ ನಂಬರ್ ಹೇಳುತ್ತೆ, ನಮ್ಮ ಲೈಬ್ರರಿ ಕಾರ್ಡಿನ ಹಾಗೆ. ಇದನ್ನೆಲ್ಲ ಅರಣ್ಯ ಇಲಾಖೆಯ ಅನುಮತಿ ಇರೋ ಸಂಶೋಧಕರು ಮಾತ್ರ ಮಾಡಬೇಕು.

ಮೂರನೇದು ಹೊಸದು, ಇಡಿಎನ್‌ಎ. ನೀರಲ್ಲಿರೋ ಪ್ರಾಣಿ ಚರ್ಮದ ಕಣ, ಲೋಳೆ, ಮಲದ ಮೂಲಕ ತನ್ನ ಡಿಎನ್‌ಎಯನ್ನು ನೀರಲ್ಲಿ ಬಿಡುತ್ತಲೇ ಇರುತ್ತೆ. ಒಂದೆರಡು ಲೀಟರ್ ನೀರು ಸೋಸಿ, ಪಿಸಿಆರ್ ಮಾಡಿ, ಯಾವ ಪ್ರಭೇದ ಅಂತ ಪತ್ತೆ ಹಚ್ಚಬಹುದು. ಕೋವಿಡ್ ಕಾಲದಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದ ಟೆಸ್ಟಿನ ಅಣ್ಣತಮ್ಮ ಇದು. ಅಮೆರಿಕದ ಫ್ಲಾರಿಡಾದಲ್ಲಿ ಕಾಡು ಸೇರಿದ ಬರ್ಮೀಸ್ ಹೆಬ್ಬಾವುಗಳನ್ನು ನೀರಿನ ಮಾದರಿಯಿಂದ ಪತ್ತೆ ಮಾಡಿದ್ದಾರೆ. ಆದರೆ ಹಾವಿನ ಮೈ ಒಣ ಹುರುಪೆಯದು, ಮೀನು ಕಪ್ಪೆಯಷ್ಟು ಡಿಎನ್‌ಎ ಬಿಡಲ್ಲ. ಹಾಗಾಗಿ ರಾತ್ರಿ ಟಾರ್ಚ್ ಹಿಡಿದು ತೊರೆಯ ಪಕ್ಕ ನಡೆಯೋ ಕೆಲಸ ಇನ್ನೂ ಮುಗಿದಿಲ್ಲ. ಟಾರ್ಚ್ ಹಿಡಿಯೋದರಲ್ಲೂ ಎರಡು ವಿಧ ಇದೆ ಅಂತ ನಮಗೆ ಆಗಲೇ ಅನಿಸಿದ್ದು.

ನಮ್ಮ ನಾಲ್ಕು ಊರು, ನಮ್ಮ ನೀರು

ಘಟ್ಟದ ತೊರೆಯಲ್ಲಿ ವರ್ಷವಿಡೀ ತಂಪು. ನಮ್ಮ ಜಿಲ್ಲೆ ಹಾಗಲ್ಲ, ಮಳೆ ಕಡಿಮೆ, ಬರ ಹೊಸದಲ್ಲ. ಹಾಗಿದ್ದೂ ಇಲ್ಲಿ ನೀರುಹಾವು ಬದುಕಿದ್ದು ನಮ್ಮ ಹಿರಿಯರು ನೀರು ಹಿಡಿದಿಟ್ಟಿದ್ದರಿಂದ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ, ಮೇಲಿನದು ತುಂಬಿ ಕೆಳಗಿನದಕ್ಕೆ ಹರಿಯೋ ಹಾಗೆ ಕಟ್ಟಿದ ವ್ಯವಸ್ಥೆ. ಹೊಳಲ್ಕೆರೆಯ ಹೆಸರಲ್ಲೇ ಕೆರೆ ಇದೆ. ಬಾಬಾಬುಡನ್ ಗಿರಿಯ ಕಡೆಯಿಂದ ಬರೋ ವೇದಾವತಿ ಹೊಸದುರ್ಗ ಸೀಮೆ ದಾಟಿ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ನಿಲ್ಲುತ್ತೆ. ಅದೇ ವಾಣಿವಿಲಾಸ ಸಾಗರ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷದ ನಂತರ. ಅವತ್ತು ಹಿರಿಯೂರಿನವನ ಮನೆಯವರೆಲ್ಲ ಹೋಗಿ ಕೋಡಿ ನೋಡಿ ಬಂದಿದ್ದರು.

89 ವರ್ಷ ಅನ್ನೋ ಸಂಖ್ಯೆಯನ್ನು ಹಾವಿನ ಕಡೆಯಿಂದ ಯೋಚಿಸಿ. ನೀರಿನ ಅಂಚು ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತಲೇ ಇರುತ್ತೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ನೀರುಹಾವಿಗೆ ಆಸರೆ ಏರಿಯ ಬಿಲ, ಕಲ್ಲುಕಟ್ಟಣೆಯ ಸಂದಿ, ತೂಬಿನ ಸುತ್ತಲಿನ ತೇವ. ಮಳೆ ಬಂದಾಗ ಹಳ್ಳ, ಕಾಲುವೆ ಹಿಡಿದು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬೇಕು. ಈಗ ಅಭಿವೃದ್ಧಿ ಅಂದರೆ ಏರಿಯ ಒಳಮೈಗೆಲ್ಲ ಕಾಂಕ್ರೀಟ್ ಬಳಿದು, ಸುತ್ತ ವಾಕಿಂಗ್ ಪಾತ್ ಮಾಡಿ, ಹಳ್ಳವನ್ನು ಪೈಪಿಗೆ ಹಾಕೋದು. ನೀರು ಉಳಿಯುತ್ತೆ, ನೀರಿನ ಜೀವಿಗೆ ಜಾಗ ಉಳಿಯಲ್ಲ. ಸಿವಿಲ್ ಬ್ರ್ಯಾಂಚಿನ ಗೆಳೆಯರೇ, ಮುಂದೆ ಈ ಡ್ರಾಯಿಂಗ್ ಹಾಕೋರು ನೀವೇ. ಕಲ್ಲು ಜೋಡಿಸಿ ಸಂದಿ ಬಿಟ್ಟರೆ ಆಗಲ್ವಾ, ಒಂದು ಬದಿ ಮಣ್ಣಿನ ದಡ ಉಳಿಸಿದರೆ ಆಗಲ್ವಾ, ಅಂತ ಒಂದು ಸಲ ಕೇಳಿ.

ಇನ್ನೊಂದು ಶತ್ರು ಬಲೆ. ಹಾವಿಗೆ ಕಿವಿರು ಇಲ್ಲ, ಶ್ವಾಸಕೋಶ ಇರೋದು, ಮೇಲೆ ಬಂದು ಉಸಿರಾಡಲೇಬೇಕು. ಸಣ್ಣ ನೈಲಾನ್ ಬಲೆಯನ್ನು ರಾತ್ರಿಯಿಡೀ ನೀರಲ್ಲಿ ಬಿಟ್ಟರೆ ಮೀನು ತಿನ್ನೋಕೆ ಬಂದ ಹಾವು ಸಿಕ್ಕಿಕೊಂಡು ಮುಳುಗಿ ಸಾಯುತ್ತೆ. ಹರಿದ ಬಲೆಯನ್ನು ದಡದಲ್ಲಿ ಬಿಸಾಕಿದರೆ ಅಲ್ಲೂ ಸಾಯುತ್ತೆ. ಮೀನುಗಾರರ ಮೇಲೆ ತಪ್ಪು ಹಾಕೋಕೆ ಇದನ್ನು ಬರೀತಿಲ್ಲ. ಹರಿದ ಬಲೆ ವಾಪಸ್ ತಗೊಂಡು ಹೋಗೋದು, ಆಗಾಗ ಬಲೆ ನೋಡೋದು, ಇಷ್ಟು ಮಾಡಿದರೂ ಎಷ್ಟೋ ಉಳಿಯುತ್ತೆ.

ಇದರ ಜೊತೆಗೆ ರಸ್ತೆ. ಕೆರೆಯ ಏರಿಯೇ ಎಷ್ಟೋ ಊರಲ್ಲಿ ರಸ್ತೆ. ಮಳೆಗಾಲದ ರಾತ್ರಿ ಕಪ್ಪೆ ಹಿಂದೆ ಹೊರಟ ಹಾವು ಬೈಕಿನ ಚಕ್ರಕ್ಕೆ ಸಿಗುತ್ತೆ. ಕೊನೆಗೆ ಕೋಲು. ಅದರ ಬಗ್ಗೆ ನಾವು ಯಾರಿಗೂ ಬುದ್ಧಿ ಹೇಳೋ ಸ್ಥಿತಿಯಲ್ಲಿಲ್ಲ.

ಭಯ ಸುಳ್ಳಲ್ಲ

ಹಾವು ಕಂಡರೆ ಹೆದರೋದು ಮೂರ್ಖತನ ಅಂತ ನಾವು ಹೇಳಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರ ಒಂದು ಅಧ್ಯಯನ ಅಂದಾಜು ಮಾಡಿದೆ, ವರ್ಷಕ್ಕೆ ಸರಾಸರಿ 58 ಸಾವಿರ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಆದ್ದರಿಂದ ಗುರುತು ಕಲಿಯೋದು ಹಾವಿಗಷ್ಟೇ ಅಲ್ಲ, ನಮಗೂ ಬೇಕು. ಫೋಟೋ ನೋಡಿ ನಾಲ್ಕು ಗುರುತು ಕಲಿತ ಮಾತ್ರಕ್ಕೆ ಕೈ ಹಾಕಬೇಡಿ. ಅನುಮಾನ ಇದ್ದರೆ ದೂರ ನಿಲ್ಲಿ. ಯಾರಿಗಾದರೂ ಕಚ್ಚಿದರೆ ಹಗ್ಗ ಕಟ್ಟೋದು, ಕೊಯ್ಯೋದು, ಬಾಯಲ್ಲಿ ಹೀರೋದು ಬೇಡ. ಅಲ್ಲಾಡಿಸದೆ ಆದಷ್ಟು ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಕಾನೂನಿನ ವಿಷಯವೂ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ನೀರೊಳ್ಳೆಯ ಹೆಸರಿದೆ. ಅದನ್ನು ಹಿಡಿಯೋದು, ಸಾಕೋದು, ಸಾಯಿಸೋದು ಅಪರಾಧ. ನೀರೊಳ್ಳೆ ಮತ್ತು ಆಲಿವ್ ಕೀಲ್‌ಬ್ಯಾಕ್ ಎರಡನ್ನೂ ಭಾರತ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸೋ ಸೈಟಿಸ್ ಒಪ್ಪಂದದ ಮೂರನೇ ಪಟ್ಟಿಗೂ ಸೇರಿಸಿದೆ. ನಮ್ಮ ಹಾಸ್ಟೆಲ್ ಹಿಂದೆ ಅವತ್ತು ನಡೆದದ್ದು ಬರೀ ತಪ್ಪಲ್ಲ, ಅಪರಾಧ. ಇದು ನಮಗೆ ಗೊತ್ತಾಗಿದ್ದು ಆಮೇಲೆ.

ದ್ವೇಷಿಸಿದ ಹಾವನ್ನೇ ಉಳಿಸಿದ ಜನ

ಜನ ಬದಲಾಗ್ತಾರಾ? ಒಂದು ಉದಾಹರಣೆ ಇದೆ. ಅಮೆರಿಕ ಮತ್ತು ಕೆನಡಾ ನಡುವಿನ ಈರಿ ಸರೋವರದ ದ್ವೀಪಗಳಲ್ಲಿ ಲೇಕ್ ಈರಿ ವಾಟರ್‌ಸ್ನೇಕ್ ಅನ್ನೋ ಹಾವಿದೆ. ನಮ್ಮ ನೀರೊಳ್ಳೆ ಥರಾನೇ, ವಿಷ ಇಲ್ಲ, ಆದರೆ ಕೋಪಿಷ್ಠ, ಕಚ್ಚುತ್ತೆ. ದ್ವೀಪದ ಜನ ಕಂಡಕಂಡಲ್ಲಿ ಸಾಯಿಸಿದರು, ದಡದಲ್ಲಿ ಮನೆಗಳು ಎದ್ದವು. 1999ರಲ್ಲಿ ಅಮೆರಿಕ ಅದನ್ನು ಅಪಾಯದ ಅಂಚಿನ ಪಟ್ಟಿಗೆ ಸೇರಿಸಿತು.

ಆಮೇಲೆ ಸಂಶೋಧಕರು ವರ್ಷವರ್ಷವೂ ಹಾವು ಹಿಡಿದು ಗುರುತು ಮಾಡಿ ಎಣಿಸಿದರು, ಮೇಲೆ ಹೇಳಿದ ಅದೇ ವಿಧಾನ. ಜೊತೆಗೆ ಇನ್ನೊಂದು ಕೆಲಸ ಮಾಡಿದರು, ಜನರ ಹತ್ತಿರ ಮಾತಾಡಿದರು. ಕ್ರಿಸ್ಟಿನ್ ಸ್ಟ್ಯಾನ್‌ಫರ್ಡ್ ಅನ್ನೋ ಸಂಶೋಧಕಿ ಮನೆಮನೆಗೆ, ಶಾಲೆಗೆ ಹೋಗಿ ಹಾವಿನ ವಿಷಯ ಹೇಳ್ತಾ "ಹಾವಿನಮ್ಮ" ಅನ್ನೋ ಅರ್ಥದ ಅಡ್ಡಹೆಸರನ್ನೇ ಪಡೆದರು. ಅದೃಷ್ಟವೂ ಕೈಕೊಟ್ಟಿತು, ಅಂದರೆ ಒಳ್ಳೆ ಅರ್ಥದಲ್ಲಿ! ಹೊರಗಿನಿಂದ ಬಂದು ಸರೋವರ ತುಂಬಿದ ಗೋಬಿ ಅನ್ನೋ ಮೀನು ಹಾವಿಗೆ ಹೊಟ್ಟೆತುಂಬ ಊಟ ಆಯ್ತು. ಕನಿಷ್ಠ 5,555 ದೊಡ್ಡ ಹಾವುಗಳು ಆಗಬೇಕು ಅನ್ನೋದು ಗುರಿ. ಅದನ್ನು ದಾಟಿ ಸುಮಾರು 12 ಸಾವಿರಕ್ಕೆ ಬಂತು. 2011ರಲ್ಲಿ ಆ ಹಾವನ್ನು ಪಟ್ಟಿಯಿಂದ ತೆಗೆದರು. ಮೀನು ಅದೃಷ್ಟದಿಂದ ಬಂದಿರಬಹುದು. ಕೋಲು ಕೆಳಗೆ ಇಟ್ಟಿದ್ದು ಮಾತ್ರ ಜನ.

ನಾವೇನು ಮಾಡಬಹುದು?

ನಾವು ನಾಲ್ವರೂ ಸಂಶೋಧಕರಾಗಲ್ಲ. ಆದರೂ ಮಾಡೋಕೆ ಕೆಲಸ ಇದೆ.

ಒಂದು, ಫೋಟೋ. ಹಾವು ಕಂಡರೆ ದೂರದಿಂದ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ತಿಳಿದವರು ಹೆಸರು ಹೇಳ್ತಾರೆ. ದಿನಾಂಕ, ಊರು ಸೇರಿದ ಒಂದೊಂದು ಫೋಟೋನೂ ಒಂದು ಡೇಟಾ ಪಾಯಿಂಟ್. ಅಪರೂಪದ ಹಾವಾದರೆ ಸರಿಯಾದ ಜಾಗವನ್ನು ಮರೆಮಾಡಿ, ಕದ್ದು ಹಿಡಿಯೋರೂ ಅದೇ ಆ್ಯಪ್ ನೋಡ್ತಾರೆ.

ಎರಡು, ಫೋನ್. ಕ್ಯಾಂಪಸ್‌ನಲ್ಲಿ ಹಾವು ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರೋವರೆಗೆ ಜನರನ್ನು ದೂರ ನಿಲ್ಲಿಸಿ. ಹೀರೋ ಆಗೋಕೆ ಹೋಗಬೇಡಿ, ರೀಲ್ಸ್ ಮಾಡೋಕಂತೂ ಬೇಡವೇ ಬೇಡ.

ಮೂರು, ಅಜ್ಜ ಅಜ್ಜಿ. ಇದು ನಮಗೆ ಅತಿ ಮುಖ್ಯ ಅನಿಸಿದ್ದು. ರಜೆಗೆ ಹೋದಾಗ ಕೇಳಿ, ನಿಮ್ಮ ಕೆರೆಯಲ್ಲಿ ಯಾವ ಹಾವಿತ್ತು, ಅದಕ್ಕೆ ಏನಂತಿದ್ರಿ, ಈಗಲೂ ಕಾಣುತ್ತಾ? ಈ ಮಾಹಿತಿ ಯಾವ ಸರ್ವರ್‌ನಲ್ಲೂ ಇಲ್ಲ. ಬ್ಯಾಕಪ್ ಕೂಡ ಇಲ್ಲ.

ಹಾಸ್ಟೆಲ್‌ನಲ್ಲಿ ಈಗ ನೋಟಿಸ್ ಬೋರ್ಡ್ ಪಕ್ಕ ಒಂದು ಎ-ಫೋರ್ ಹಾಳೆ ಅಂಟಿಸಿದ್ದೀವಿ. ಮೇಲೆ ನೀರೊಳ್ಳೆ, ನಾಗರ, ಕೊಳಕುಮಂಡಲ, ಮೂರರ ಫೋಟೋ, ಕೆಳಗೆ ಗುರುತು, ಅದರ ಕೆಳಗೆ 1926. ಹೊಳಲ್ಕೆರೆಯ ಅಜ್ಜನಿಗೆ ಅದರ ಫೋಟೋ ಕಳಿಸಿದ್ವಿ. "ಈ ಸಲ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ, ಒಳ್ಳೇದಾತು ಬಿಡ್ಲಾ" ಅಂದರು.

ಮುಂದಿನ ಮಳೆಗೆ ಚರಂಡಿಯಲ್ಲಿ ಮತ್ತೆ ಕಪ್ಪೆ ಕೂಗುತ್ತೆ. ಕಪ್ಪೆ ಇದ್ದಲ್ಲಿ ನೀರೊಳ್ಳೆ ಬಂದೇ ಬರುತ್ತೆ. ಆ ದಿನವೂ ಟಾರ್ಚ್ ನಮ್ಮ ಕೈಯಲ್ಲೇ ಇರುತ್ತೆ. ಈ ಸಲ ಕಣ್ಣಿನ ಕೆಳಗಿನ ಆ ಎರಡು ಗೆರೆ ಹುಡುಕ್ತೀವಿ.